ಸೋಷಿಯಲ್ ಮೀಡಿಯಾ ಉಪವಾಸ: ದೇವರಿಗೋಸ್ಕರ ಬಿಡೋರು ಎಲ್ಲಿಂದ ಶುರು ಮಾಡ್ಬೇಕು, ಎಲ್ಲಿ ಹುಷಾರಾಗಿರ್ಬೇಕು

"ಪ್ರಾರ್ಥನೆಗೆ ಕೂತ್ರೆ ಐದು ನಿಮಿಷದಲ್ಲಿ ಕೈ ಫೋನ್ ಕಡೆ ಹೋಗತ್ತೆ, ಏನ್ ಮಾಡ್ಲಿ?" "ಇನ್‌ಸ್ಟಾಗ್ರಾಮ್ ನೋಡೋದು ಪಾಪಾನಾ?" "ಲೆಂಟ್‌ಗೆ (ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ) ಫೇಸ್‌ಬುಕ್ ಬಿಡ್ತೀನಿ ಅಂದ್ಕೊಂಡೆ, ಮೂರೇ ದಿನಕ್ಕೆ ವಾಪಸ್ ಬಂದ್ಬಿಟ್ಟೆ, ದೇವರಿಗೆ ಕೊಟ್ಟ ಮಾತು ತಪ್ಪಿದ ಹಾಗಾಯ್ತಾ?" ಈ ಪ್ರಶ್ನೆಗಳು ತಿರುಗಿ ತಿರುಗಿ ಬರ್ತಾನೇ ಇರತ್ತೆ, ಅದಕ್ಕೆ ಎಲ್ಲಾ ಉತ್ತರಾನೂ ಒಂದೇ ಕಡೆ ಬರೀತಿದೀನಿ. ನೀವು ಯಾವ ಸಭೆಯವರಾದ್ರೂ ಸರಿ, ಕ್ಯಾಥೊಲಿಕ್, ಪ್ರೊಟೆಸ್ಟಂಟ್, ಪೆಂಟೆಕೋಸ್ಟ್, ಆರ್ಥೊಡಾಕ್ಸ್, ಇದ್ರಲ್ಲಿ ಹೆಚ್ಚಿನದೆಲ್ಲಾ ಎಲ್ಲರಿಗೂ ಹೊಂದತ್ತೆ.

ಪಾಪಾನಾ ಅನ್ನೋ ಪ್ರಶ್ನೆಗೆ ಮೊದ್ಲು. ಬೈಬಲ್‌ನಲ್ಲಿ ಫೋನ್ ಬಗ್ಗೆ ನೇರವಾಗಿ ನಿಯಮ ಇಲ್ಲ. ಆದ್ರೆ 1 ಕೊರಿಂಥ 6:12 ಓದಿ, ಅಲ್ಲಿ ಅಪೊಸ್ತಲ ಪೌಲ ಹೇಳೋದು ಏನಂದ್ರೆ ಎಲ್ಲಾನೂ ಮಾಡೋಕೆ ನನಗೆ ಸ್ವಾತಂತ್ರ್ಯ ಇರ್ಬಹುದು, ಆದ್ರೆ ಎಲ್ಲಾನೂ ಒಳ್ಳೇದು ಮಾಡಲ್ಲ, ಯಾವುದೂ ನನ್ನ ಮೇಲೆ ಅಧಿಕಾರ ನಡೆಸೋಕೆ ನಾನು ಬಿಡಲ್ಲ ಅಂತ. ಹಾಗಾಗಿ ನೀವು ಕೇಳ್ಕೊಬೇಕಾದ್ದು ಫೋನ್ ಒಳ್ಳೇದಾ ಕೆಟ್ಟದ್ದಾ ಅಂತಲ್ಲ, ಅದು ನಿಮ್ಮ ಮೇಲೆ ಅಧಿಕಾರ ನಡೆಸ್ತಿದೆಯಾ ಅಂತ. ಹೌದು ಅನ್ಸಿದ್ರೆ ಮುಂದೆ ಓದಿ.

ಇನ್ನೊಂದು ವಿಷ್ಯ ಈಗ್ಲೇ ಸ್ಪಷ್ಟವಾಗಿರ್ಲಿ. ಡಿಜಿಟಲ್ ಡಿಟಾಕ್ಸ್ ಅಂತ ಮಾಡ್ತಾರಲ್ಲ, ಅಂದ್ರೆ ಕಣ್ಣಿಗೆ ತಲೆಗೆ ರೆಸ್ಟ್ ಸಿಗ್ಲಿ, ಕೆಲಸ ಚೆನ್ನಾಗಿ ಆಗ್ಲಿ ಅಂತ ಕೆಲವು ದಿನ ಸ್ಕ್ರೀನ್ ಬಿಡೋದು, ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಉಪವಾಸ ಅದಲ್ಲ. ಉಪವಾಸದಲ್ಲಿ ನೀವು ಬಿಡೋದು ಒಬ್ಬರಿಗೋಸ್ಕರ. ಬಿಟ್ಟ ಸಮಯ ದೇವರ ಹತ್ರ ಹೋಗ್ಬೇಕು, ಅಲ್ಲಿಂದ ಜನರ ಹತ್ರ ಹೋಗ್ಬೇಕು. ಅದು ಆಗ್ಲಿಲ್ಲ ಅಂದ್ರೆ ನಲವತ್ತು ದಿನ ಆ್ಯಪ್ ಮುಟ್ಟದೇ ಇದ್ರೂ ಬರೀ ಆ್ಯಪ್ ಮುಟ್ಟದೇ ಇದ್ದ ಹಾಗೆ ಅಷ್ಟೇ.

ಬೇಕಾಗಿರೋದು

ಜಾಸ್ತಿ ಏನಿಲ್ಲ. ಪ್ರಿಂಟ್ ಆಗಿರೋ ಬೈಬಲ್ ಒಂದು (ಫೋನ್‌ನಲ್ಲಿರೋ ಬೈಬಲ್ ಆ್ಯಪ್ ಈ ದಿನಗಳಲ್ಲಿ ಬೇಡ, ವಚನ ಹುಡುಕೋಕೆ ಹೋಗಿ ನೋಟಿಫಿಕೇಶನ್ ಹಿಂದೆ ಹೋಗ್ತೀರ). ಒಂದು ನೋಟ್‌ಬುಕ್, ಪೆನ್ನು. ಒಂದು ಮಾಮೂಲಿ ಅಲಾರಾಂ ಗಡಿಯಾರ, ಇದನ್ನ ಎಲ್ಲರೂ ಬಿಟ್ಬಿಡ್ತಾರೆ ಆದ್ರೆ ತುಂಬಾ ಮುಖ್ಯ, ಯಾಕಂದ್ರೆ ಅಲಾರಾಂಗೋಸ್ಕರ ಫೋನ್ ತಲೆದಿಂಬಿನ ಪಕ್ಕ ಇದ್ರೆ ದಿನದ ಮೊದಲನೇ ನೋಟ ಅದ್ರ ಮೇಲೇ ಬೀಳತ್ತೆ. ಆಮೇಲೆ ನಂಬಿಕೆ ಇರೋ ಒಬ್ಬ ವ್ಯಕ್ತಿ, ಪಾಸ್ಟರ್ ಆಗ್ಬಹುದು, ಫಾದರ್ ಆಗ್ಬಹುದು, ಗಂಡ ಅಥವಾ ಹೆಂಡತಿ, ಸಭೆಯಲ್ಲಿರೋ ಹಿರಿಯಕ್ಕ, ಯಾರಾದ್ರೂ ಸರಿ.

ಹಂತ 1: ಯಾಕೆ ಅಂತ ಬರ್ದಿಡಿ

ಆ್ಯಪ್ ತೆಗೆಯೋಕೆ ಮುಂಚೆ ಒಂದು ವಾರ ಸುಮ್ಮನೆ ಗಮನಿಸಿ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಅನ್ನೋ ಸೆಟ್ಟಿಂಗ್ ಇದೆ, ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಇದ್ರಿ ಅಂತ ತೋರ್ಸತ್ತೆ, ಅದನ್ನ ದಿನಾ ಬರ್ಕೊಳ್ಳಿ. ಆದ್ರೆ ಎಷ್ಟು ಹೊತ್ತು ಅನ್ನೋದಕ್ಕಿಂತ ಮುಖ್ಯ ಏನಂದ್ರೆ ಆ್ಯಪ್ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಏನು ಉಳೀತು ಅನ್ನೋದು. ಬೇರೆಯವರ ಮನೆ, ಮದುವೆ, ಮಕ್ಕಳ ಫೋಟೋ ನೋಡಿ ಹೊಟ್ಟೆಕಿಚ್ಚಾ? ಯಾರದ್ದೋ ಕಾಮೆಂಟ್‌ಗೆ ಸಿಟ್ಟಾ? ನೋಡಬಾರದ್ದನ್ನ ನೋಡಿದ ಅಶುದ್ಧತೆನಾ? ಲೈಕ್ ಎಷ್ಟು ಬಂತು ಅಂತ ಲೆಕ್ಕ ಹಾಕೋ ಹೊಗಳಿಕೆ ಆಸೆನಾ? ಅಥವಾ ಇದ್ಯಾವುದೂ ಅಲ್ಲ, ಬರೀ ಖಾಲಿ ಖಾಲಿ?

ಈ ಕೊನೆಯದು ಜಾಸ್ತಿ ಜನಕ್ಕೆ ಇರತ್ತೆ, ಇದಕ್ಕೆ ಹಳೇ ಕಾಲದ ಕ್ರೈಸ್ತ ಸಭೆಯಲ್ಲಿ ಒಂದು ಹೆಸರೇ ಇತ್ತು, ಅಕೀಡಿಯಾ, ಅಂದ್ರೆ ದೇವರ ವಿಷಯದಲ್ಲಿ, ಕೈಯಲ್ಲಿರೋ ಕೆಲಸದ ವಿಷಯದಲ್ಲಿ ಬರೋ ಒಂಥರಾ ಆತ್ಮದ ಬೇಸರ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಅನ್ನೋ ಸನ್ಯಾಸಿ ಇದನ್ನ ಬರ್ದಿಟ್ಟಿದ್ದಾನೆ. ಮಧ್ಯಾಹ್ನ ಪ್ರಾರ್ಥನೆಗೆ ಕೂತ ಸನ್ಯಾಸಿಗೆ ಸೂರ್ಯ ಕದಲ್ತಾನೇ ಇಲ್ಲ ಅನ್ಸತ್ತೆ, ದಿನ ತುಂಬಾ ಉದ್ದ ಅನ್ಸತ್ತೆ, ಪದೇ ಪದೇ ಕಿಟಕಿ ಕಡೆ ನೋಡ್ತಾನೆ, ಊಟದ ಹೊತ್ತಾಯ್ತಾ ಅಂತ ಲೆಕ್ಕ ಹಾಕ್ತಾನೆ, ಯಾರಾದ್ರೂ ಬರ್ತಾರಾ ಅಂತ ಬಾಗಿಲು ಕಡೆ ನೋಡ್ತಾನೆ. ಫೋನ್ ಇಲ್ಲದ ಕಾಲದಲ್ಲೂ ಈ ಚಡಪಡಿಕೆ ಇತ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಆ್ಯಪ್ ತೆಗೆದ ತಕ್ಷಣ ಚಡಪಡಿಕೆ ಹೋಗತ್ತೆ ಅಂತ ಅಂದ್ಕೊಂಡೋರಿಗೆ ಎರಡನೇ ದಿನಾನೇ ನಿರಾಸೆ ಆಗತ್ತೆ. ಆ್ಯಪ್ ಹೋದ ಮೇಲೇ ಅದು ಸರಿಯಾಗಿ ಕಾಣ್ಸೋದು.

ಬರ್ದಿದ್ದನ್ನ ಇಟ್ಕೊಂಡು ಪ್ರಾರ್ಥನೆ ಮಾಡಿ. ಕಾರಣ ಒಂದೇ ವಾಕ್ಯದಲ್ಲಿ ಇರ್ಲಿ, ಉದಾಹರಣೆಗೆ "ಕರ್ತನೇ, ನನ್ನ ತಮ್ಮನ ಏಳಿಗೆ ನೋಡಿ ಹೊಟ್ಟೆಕಿಚ್ಚು ಪಡ್ತಿದೀನಿ, ಅದನ್ನ ನನ್ನಿಂದ ತೆಗಿ". "ಒಳ್ಳೆ ಕ್ರೈಸ್ತ ಆಗ್ಬೇಕು" ಅನ್ನೋ ತರ ದೊಡ್ಡ ದೊಡ್ಡದು ಬೇಡ, ಕಷ್ಟ ಬಂದಾಗ ಅದು ಹಿಡ್ಕೊಳ್ಳೋಕೆ ಸಿಗಲ್ಲ.

ಹಂತ 2: ಎಷ್ಟು ದಿನ ಅಂತ ನಿರ್ಧಾರ ಮಾಡಿ, ಹರಕೆ ಹೊರಬೇಡಿ

ಪ್ರಸಂಗಿ 5:4-5ರಲ್ಲಿ ಹರಕೆ ಹೊತ್ತು ತೀರಿಸದೇ ಇರೋದಕ್ಕಿಂತ ಹೊರದೇ ಇರೋದೇ ಒಳ್ಳೇದು ಅಂತ ಇದೆ. "ಇನ್ಮೇಲೆ ಜೀವನಪೂರ್ತಿ ಮುಟ್ಟಲ್ಲ ದೇವರೇ" ಅಂತ ಭಾವನೆ ಉಕ್ಕಿ ಬಂದಾಗ, ರಿಟ್ರೀಟ್ (ಪ್ರಾರ್ಥನಾ ಶಿಬಿರ) ಮುಗಿದ ರಾತ್ರಿ ಅಥವಾ ಒಂದು ಗಟ್ಟಿ ಸಂದೇಶ ಕೇಳಿದ ತಕ್ಷಣ, ಬಾಯಿಂದ ಬಂದ್ಬಿಡತ್ತೆ. ಬೇಡ. "ನಿನ್ನ ಕೃಪೆಯಿಂದ ಇಷ್ಟು ದಿನ ಪ್ರಯತ್ನ ಮಾಡ್ತೀನಿ" ಅಂತ ಹೇಳಿ, ಸಾಕು. ಈಗಾಗ್ಲೇ ಹರಕೆ ಹೊತ್ತು ಮುರ್ದಿದ್ರೆ ಒಬ್ಬರೇ ಅದನ್ನ ಹೊತ್ಕೊಂಡು ಕೊರಗಬೇಡಿ, ನಿಮ್ಮ ಪಾಸ್ಟರ್ ಅಥವಾ ಫಾದರ್ ಹತ್ರ ಮಾತಾಡಿ, ಕ್ಯಾಥೊಲಿಕರಾದ್ರೆ ಪಾಪನಿವೇದನೆಯಲ್ಲಿ ಹೇಳಿ.

ಮೊದಲನೇ ಸಲ ಮಾಡೋರು ಏಳು ದಿನ ಇಟ್ಕೊಳ್ಳಿ. ಲೆಂಟ್‌ನಲ್ಲಿ ಮಾಡೋದಾದ್ರೆ ಲೆಕ್ಕ ಗೊತ್ತಿರ್ಲಿ: ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಒಟ್ಟು 46 ದಿನ, ಮಧ್ಯದ 6 ಭಾನುವಾರ ಕಳೆದ್ರೆ 40. ಭಾನುವಾರ ಪುನರುತ್ಥಾನದ ದಿನ ಅಂತ ಅವತ್ತು ಉಪವಾಸ ಲೆಕ್ಕಕ್ಕೆ ಬರಲ್ಲ. ಹಾಗಾದ್ರೆ ಭಾನುವಾರ ಫೋನ್ ನೋಡ್ಬಹುದಾ ಅಂತ ಕೇಳ್ತೀರ. ನೋಡ್ಬಹುದು, ನಿಯಮ ಮುರಿದ ಹಾಗೆ ಆಗಲ್ಲ, ಆದ್ರೆ ನನ್ನ ಸಲಹೆ ಬೇಡ ಅಂತಾನೇ, ಊಟದ ಉಪವಾಸ ಮಧ್ಯೆ ಬಿಟ್ರೆ ಹೊಟ್ಟೆ ತುಂಬತ್ತೆ, ಸ್ಕ್ರಾಲ್ ಮಾಡೋದಕ್ಕೆ ತುಂಬೋದು ಅನ್ನೋದೇ ಇಲ್ಲ, ಒಂದು ಭಾನುವಾರದಲ್ಲಿ ಇಡೀ ವಾರದ್ದು ನೋಡಿ ಮುಗಿಸ್ತೀರ. ಪೋಪ್ ಫ್ರಾನ್ಸಿಸ್ 2020ರ ಬೂದಿ ಬುಧವಾರ ಹೇಳಿದ್ದೂ ಇದೇ ದಾರೀದು, ಲೆಂಟ್ ಅಂದ್ರೆ ಟಿವಿ ಆಫ್ ಮಾಡಿ ಬೈಬಲ್ ತೆರೆಯೋ ಕಾಲ, ಮೊಬೈಲಿಂದ ಬಿಡಿಸ್ಕೊಂಡು ಸುವಾರ್ತೆಗೆ ಸೇರ್ಕೊಳ್ಳೋ ಕಾಲ ಅಂತ. ಲೆಂಟ್ ಆಚರಿಸದ ಸಭೆಯವರು ಯಾವ ತಿಂಗಳಾದ್ರೂ ಮಾಡ್ಬಹುದು, ಮುಗಿಯೋ ತಾರೀಖು ಮಾತ್ರ ಮೊದ್ಲೇ ಬರ್ದಿಡಿ.

ಹಂತ 3: ಏನೇನು ಬಿಡ್ತೀರ ಅಂತ ಗೆರೆ ಎಳೀರಿ

ಗೆರೆ ಮೊದ್ಲೇ ಎಳೀದೇ ಇದ್ರೆ ದಿನಾ ನಿಮ್ಮ ಜೊತೆ ನೀವೇ ವಾದ ಮಾಡ್ತಿರ್ತೀರ. ವಾಟ್ಸಾಪ್‌ನ ಪೂರ್ತಿ ಬಿಡೋಕೆ ತುಂಬಾ ಜನಕ್ಕೆ ಆಗಲ್ಲ, ಕೆಲಸ, ಮಕ್ಕಳ ಸ್ಕೂಲು, ಸಭೆ ಗ್ರೂಪ್ ಎಲ್ಲಾ ಅಲ್ಲೇ ಇದೆ. ಮೆಸೇಜು ಕಾಲ್ ಇರ್ಲಿ, ಸ್ಟೇಟಸ್ ಮತ್ತೆ ಚಾನೆಲ್ ನೋಡೋದು ಬಿಡಿ, ಫಾರ್ವರ್ಡ್ ಬರೋ ಗ್ರೂಪ್‌ಗಳನ್ನ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಆಫ್ ಮಾಡಿ ಹಳೇದನ್ನೂ ಅಳಿಸಿದ್ರೆ ಹೋಂ ಪೇಜ್‌ನಲ್ಲಿ ಶಿಫಾರಸು ಬರೋದು ನಿಲ್ಲತ್ತೆ, ಹುಡುಕಿದ್ದು ಮಾತ್ರ ಸಿಗತ್ತೆ.

ಈಗ ಕ್ರೈಸ್ತ ಕಂಟೆಂಟ್ ಬಗ್ಗೆ. ಇದ್ರಲ್ಲೇ ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು. "ನಾನು ಕೆಟ್ಟದ್ದೇನೂ ನೋಡಲ್ಲ, ಆರಾಧನೆ ಹಾಡು, ಪ್ರವಾದನೆ, ಸಾಕ್ಷಿ, ಸಣ್ಣ ಸಣ್ಣ ಸಂದೇಶ ಅಷ್ಟೇ" ಅಂತಾರೆ. ಆದ್ರೆ ಅರ್ಧ ನಿಮಿಷಕ್ಕೊಂದು ವಚನ ಬದಲಾಗ್ತಾ ಹೋದ್ರೆ ಯಾವ ವಚನಾನೂ ಒಳಗೆ ಇಳಿಯಲ್ಲ, ಕಣ್ಣೀರು ಬರತ್ತೆ, ಮುಂದಿನ ರೀಲ್ ಬರತ್ತೆ, ಕಣ್ಣೀರು ಯಾಕೆ ಬಂತು ಅಂತ ಮರ್ತೇ ಹೋಗತ್ತೆ. ದೇವರ ಬಗ್ಗೆ ನೋಡ್ತಾ ನೋಡ್ತಾ ದೇವರ ಜೊತೆ ಮಾತಾಡೋದೇ ನಿಂತೋಗತ್ತೆ. ಅಷ್ಟೇ ಅಲ್ಲ, ಪಂಗಡ ಪಂಗಡದ ಜಗಳ, ಈ ಪಾಸ್ಟರ್ ಸುಳ್ಳು ಬೋಧಕ ಆ ಪಾಸ್ಟರ್ ನಿಜ ಅನ್ನೋ ವಿಡಿಯೋಗಳು, ಇವು ಬೇರೆ ಎಲ್ಲಾ ಕಂಟೆಂಟ್‌ಗಿಂತ ಜಾಸ್ತಿ ಮನಸ್ಸು ಕೆಡಿಸ್ತವೆ ಅಂತ ನನ್ನ ಅನಿಸಿಕೆ. ಹಾಗಾಗಿ ಕ್ರೈಸ್ತ ರೀಲ್ಸೂ ಬಿಡಿ. ಪೂರ್ತಿ ಪ್ರಸಂಗ ಕೇಳ್ಬೇಕು ಅಂದ್ರೆ ಯಾವುದು ಅಂತ ಮೊದ್ಲೇ ತೀರ್ಮಾನ ಮಾಡಿ, ಒಂದು ಕೇಳಿ, ಮುಚ್ಚಿ.

ಹಾಸಿಗೆ ಹಿಡಿದಿರೋರು, ಆರೋಗ್ಯ ಸರಿ ಇಲ್ಲದೆ ಮನೆಯಲ್ಲೇ ಇರೋರು, ಆರಾಧನೆಗೆ ಲೈವ್ ಬಿಟ್ಟು ಬೇರೆ ದಾರಿ ಇಲ್ಲದೋರು ಲೈವ್ ಬಿಡ್ಬೇಡಿ. ಸಹವಾಸ ಕಡಿಯೋದು ಉಪವಾಸ ಅಲ್ಲ.

ಹಂತ 4: ಹೇಳಬೇಕಾದೋರಿಗೆ ಹೇಳಿ, ಊರಿಗೆಲ್ಲಾ ಸಾರಬೇಡಿ

"ಪ್ರಿಯರೇ, ಇವತ್ತಿಂದ 40 ದಿನ ನಾನು ಫೇಸ್‌ಬುಕ್‌ನಲ್ಲಿ ಇರಲ್ಲ, ದೇವರ ಸನ್ನಿಧಿಯಲ್ಲಿ ಇರ್ತೀನಿ" ಅನ್ನೋ ಪೋಸ್ಟ್ ಹಾಕ್ಬೇಡಿ. ಮತ್ತಾಯ 6:16-18ರಲ್ಲಿ ಯೇಸು ಹೇಳಿದ್ದು ಉಪವಾಸ ಮಾಡುವಾಗ ಮುಖ ತೊಳ್ಕೊ, ತಲೆಗೆ ಎಣ್ಣೆ ಹಚ್ಕೊ, ಜನರಿಗೆ ಕಾಣಬಾರದು, ಗುಪ್ತವಾಗಿರೋ ತಂದೆಗೆ ಕಂಡ್ರೆ ಸಾಕು ಅಂತ. ಆ ಪೋಸ್ಟ್ ಹಾಕಿದ ಮೇಲೆ ಏನಾಗತ್ತೆ ಅಂದ್ರೆ ಯಾರ್ಯಾರು "ಆಮೆನ್" ಹಾಕಿದ್ರು ಅಂತ ನೋಡೋ ಆಸೆ ಹುಟ್ಟತ್ತೆ, ಉಪವಾಸ ಶುರು ಆಗೋಕೆ ಮುಂಚೆನೇ ಅದ್ರ ಪ್ರತಿಫಲ ಖರ್ಚಾಗಿ ಹೋಗತ್ತೆ.

ಹಾಗಂತ ಯಾರಿಗೂ ಹೇಳದೇ ಮಾಯ ಆಗೋದೂ ತಪ್ಪು, ಜನ ಗಾಬರಿ ಆಗ್ತಾರೆ. ಮನೆಯವರಿಗೆ, ದಿನಾ ಮೆಸೇಜ್ ಮಾಡೋರಿಗೆ, ಕೆಲಸದವರಿಗೆ ಒಂದೊಂದು ಸಾಲು ಸಾಕು, "ಇಲ್ಲಿ ಸಿಗಲ್ಲ, ಫೋನ್ ಮಾಡಿ" ಅಂತ. ಸಭೆಯ ಪೇಜ್ ನೀವೇ ನೋಡ್ಕೋತಿದ್ರೆ ಆ ಜವಾಬ್ದಾರಿ ಇನ್ನೊಬ್ಬರಿಗೆ ವಹಿಸಿ. ಮೇಲೆ ಹೇಳಿದ ಆ ಒಬ್ಬ ನಂಬಿಕೆಯ ವ್ಯಕ್ತಿಗೆ ಮಾತ್ರ ಪೂರ್ತಿ ವಿಷ್ಯ ಹೇಳಿ, ವಾರಕ್ಕೊಂದು ಸಲ ಹೇಗಿದೆ ಅಂತ ಕೇಳೋಕೆ ಹೇಳಿ.

ಹಂತ 5: ಟೆಕ್ನಿಕಲ್ ಕೆಲಸ, ಈ ಕ್ರಮದಲ್ಲೇ ಮಾಡಿ

ಮೂರು ಬೇರೆ ಬೇರೆ ವಿಷ್ಯ ಇದೆ, ಕಲಸ್ಕೊಬೇಡಿ. ಆ್ಯಪ್ ಅನ್‌ಇನ್‌ಸ್ಟಾಲ್ ಅಂದ್ರೆ ನಿಮ್ಮ ಫೋನಿಂದ ಮಾತ್ರ ಹೋಗತ್ತೆ, ಅಕೌಂಟ್ ಹಾಗೇ ಇರತ್ತೆ. ಡಿಆಕ್ಟಿವೇಟ್ ಅಂದ್ರೆ ನಿಮ್ಮ ಪ್ರೊಫೈಲ್ ಬೇರೆಯವರಿಗೆ ಕಾಣಲ್ಲ, ವಾಪಸ್ ಬಂದ್ರೆ ಎಲ್ಲಾ ಸಿಗತ್ತೆ. ಡಿಲೀಟ್ ಅಂದ್ರೆ ಶಾಶ್ವತ.

ಮೊದ್ಲು ಬೇಕಾದೋರ ಫೋನ್ ನಂಬರ್ ಬರ್ಕೊಳ್ಳಿ. ಆಮೇಲೆ ಫೋಟೋ ಎಲ್ಲಾ ಇಳಿಸ್ಕೊಳ್ಳಿ, ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ಎರಡಕ್ಕೂ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡೋ ಆಯ್ಕೆ ಇದೆ. ಆಮೇಲೆ "ಲಾಗಿನ್ ವಿತ್ ಫೇಸ್‌ಬುಕ್" ಅಂತ ಬೇರೆ ಆ್ಯಪ್‌ಗಳಿಗೆ ಸೇರಿದ್ರೆ ಅಲ್ಲಿ ಈಮೇಲ್ ಪಾಸ್‌ವರ್ಡ್ ಹಾಕ್ಕೊಳ್ಳಿ, ಯಾಕಂದ್ರೆ ಡಿಆಕ್ಟಿವೇಟ್ ಮಾಡಿದ್ಮೇಲೂ ಆ ಬಟನ್ ಒತ್ತಿ ಇನ್ನೊಂದು ಆ್ಯಪ್‌ಗೆ ಹೋದ್ರೆ ನಿಮ್ಮ ಫೇಸ್‌ಬುಕ್ ತಾನಾಗೇ ಮತ್ತೆ ಚಾಲೂ ಆಗತ್ತೆ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಡಿಲೀಟ್ ಒತ್ತಿದ್ರೆ ಮನಸ್ಸು ಬದಲಾಯಿಸೋಕೆ 30 ದಿನ ಸಮಯ ಕೊಡ್ತಾರೆ, ಆಮೇಲೆ ಹೋಯ್ತು. ನೀವು ನಲವತ್ತು ದಿನದ ಉಪವಾಸಕ್ಕೆ ಅಂತ ಡಿಲೀಟ್ ಒತ್ತಿದ್ರೆ ಈಸ್ಟರ್‌ಗೆ ವಾಪಸ್ ಬಂದಾಗ ಅಕೌಂಟ್ ಇರಲ್ಲ. ಎಕ್ಸ್‌ನಲ್ಲಂತೂ, ಹಳೇ ಟ್ವಿಟರ್, ಡಿಆಕ್ಟಿವೇಟ್ ಮಾಡಿ 30 ದಿನ ಲಾಗಿನ್ ಆಗದೇ ಇದ್ರೇನೇ ಅಕೌಂಟ್ ಅಳಿಸಿ ಹೋಗತ್ತೆ, ಅದಕ್ಕೆ ಅಲ್ಲಿ ಬರೀ ಲಾಗೌಟ್ ಮಾಡಿ ಆ್ಯಪ್ ತೆಗೆದ್ರೆ ಸಾಕು. ಲಾಗೌಟ್ ಮಾಡುವಾಗ ಪಾಸ್‌ವರ್ಡ್ ಬದಲಾಯಿಸಿ ಒಂದು ಚೀಟಿಯಲ್ಲಿ ಬರ್ದು ಆ ನಂಬಿಕೆಯ ವ್ಯಕ್ತಿ ಕೈಗೆ ಕೊಡಿ. ಬ್ರೌಸರ್‌ನಲ್ಲಿ ಸೇವ್ ಆಗಿರೋ ಪಾಸ್‌ವರ್ಡೂ ತೆಗೀರಿ, ಆ್ಯಪ್ ಇಲ್ಲ ಅಂದ್ರೆ ಬ್ರೌಸರ್‌ನಿಂದ ಹೋಗೋದು ಎಲ್ಲರೂ ಮಾಡೋದೇ.

ಹಂತ 6: ಖಾಲಿಯಾದ ಹೊತ್ತನ್ನ ತುಂಬಿಸಿ

ಮತ್ತಾಯ 12:43-45ರಲ್ಲಿ ಅಶುದ್ಧಾತ್ಮ ಬಿಟ್ಟುಹೋದ ಮನೆ ಗುಡಿಸಿ ಅಲಂಕಾರ ಮಾಡಿ ಖಾಲಿ ಇತ್ತು, ಅದು ತನಗಿಂತ ಕೆಟ್ಟ ಏಳು ಆತ್ಮಗಳನ್ನ ಕರ್ಕೊಂಡು ಬಂತು ಅಂತ ಯೇಸು ಹೇಳ್ತಾನೆ. ಬಿಟ್ಟೋರಲ್ಲಿ ಸೋಲೋರು ಹೆಚ್ಚಾಗಿ ಸೋಲೋದು ಇಲ್ಲೇ, ಇನ್‌ಸ್ಟಾಗ್ರಾಮ್ ಬಿಟ್ಟು ವೆಬ್ ಸೀರೀಸ್ ಹಿಡೀತಾರೆ, ಅಥವಾ ಗೇಮ್, ಅಥವಾ ನ್ಯೂಸ್ ಆ್ಯಪ್.

ನೀವು ಫೋನ್ ಹಿಡೀತಿದ್ದ ಹೊತ್ತುಗಳನ್ನ ಮೊದಲ ವಾರದ ನೋಟ್‌ಬುಕ್‌ನಲ್ಲಿ ನೋಡಿ, ಒಂದೊಂದಕ್ಕೂ ಒಂದೊಂದು ಇಡಿ. ಎದ್ದ ತಕ್ಷಣದ ಹೊತ್ತು ಪ್ರಾರ್ಥನೆಗೆ. ಮಾರ್ಕ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗ್ಲೇ ಎದ್ದು ಒಂಟಿ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡ್ತಿದ್ದ, ಹಿಂದಿನ ದಿನ ಸಂಜೆ ಊರೆಲ್ಲಾ ಆತ ಇದ್ದ ಮನೆ ಬಾಗಿಲ ಹತ್ರ ಸೇರಿತ್ತು, ಎಲ್ಲರೂ ನಿನ್ನನ್ನ ಹುಡುಕ್ತಿದ್ದಾರೆ ಅಂತ ಶಿಷ್ಯರು ಬಂದು ಕರೆದ್ರೂ ಆತ ಆ ಜನಪ್ರಿಯತೆ ಹಿಂದೆ ವಾಪಸ್ ಹೋಗ್ಲಿಲ್ಲ, ಬೇರೆ ಊರುಗಳಿಗೆ ಸಾರೋಕೆ ಹೊರಟ. ಲೈಕ್ ಬೇಕು ಅನ್ನೋ ಹಸಿವು ಇರೋರು ಆ ಅಧ್ಯಾಯನ ನಿಧಾನವಾಗಿ ಓದಿ.

ರಾತ್ರಿ ಮಲಗೋ ಮುಂಚೆ ಕೀರ್ತನೆಗಳು. 150 ಇದೆ, ದಿನಕ್ಕೆ 5 ಓದಿದ್ರೆ 30 ದಿನಕ್ಕೆ ಮುಗಿಯತ್ತೆ. ಏಳು ದಿನದ ಉಪವಾಸ ಆದ್ರೆ ಮಾರ್ಕನ ಸುವಾರ್ತೆ ಸಾಕು, 16 ಅಧ್ಯಾಯ, ದಿನಕ್ಕೆ ಎರಡು ಮೂರು. ಬಸ್‌ನಲ್ಲಿ, ಕ್ಯೂನಲ್ಲಿ, ಲಿಫ್ಟ್ ಹತ್ರ ಎರಡೆರಡು ನಿಮಿಷ ಸಿಗತ್ತಲ್ಲ, ಅದಕ್ಕೆ ಒಂದು ಚಿಕ್ಕ ಪ್ರಾರ್ಥನೆ ಇಟ್ಕೊಳ್ಳಿ. ಆರ್ಥೊಡಾಕ್ಸ್ ಸಭೆಗಳಲ್ಲಿ ಯೇಸು ಪ್ರಾರ್ಥನೆ ಅಂತ ಇದೆ, "ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನ ಕರುಣಿಸು", ಉಸಿರಿನ ಜೊತೆ ನಿಧಾನವಾಗಿ ಹೇಳ್ಕೊಳ್ಳೋದು. ಕೈ ಜೇಬಿಗೆ ಹೋದಾಗೆಲ್ಲಾ ಇದನ್ನ ಹೇಳಿ, ಹಾಗೆ ಮಾಡಿದ್ರೆ ಆ ಚಪಲಾನೇ ಪ್ರಾರ್ಥನೆಗೆ ಕರೆಯೋ ಗಂಟೆ ಆಗತ್ತೆ.

ಇನ್ನು ಜನ. ಯೆಶಾಯ 58 ಓದದೇ ಯಾರೂ ಉಪವಾಸ ಮಾಡ್ಬಾರ್ದು. ಉಪವಾಸ ಮಾಡ್ತೀವಿ ಯಾಕೆ ನೋಡಲ್ಲ ಅಂತ ಜನ ದೇವರನ್ನ ಕೇಳ್ತಾರೆ, ದೇವರು ಹೇಳೋದು ನೀವು ಉಪವಾಸ ಮಾಡ್ತಾನೇ ಜಗಳ ಆಡ್ತೀರ, ನನಗೆ ಇಷ್ಟವಾದ ಉಪವಾಸ ಅಂದ್ರೆ ಹಸಿದವನಿಗೆ ರೊಟ್ಟಿ ಮುರಿದು ಕೊಡೋದು, ಗತಿ ಇಲ್ಲದವರನ್ನ ಮನೆಗೆ ಕರ್ಕೊಳ್ಳೋದು, ಸ್ವಂತ ರಕ್ತಸಂಬಂಧಿಗಳಿಂದ ಮುಖ ಮರೆಮಾಡದೇ ಇರೋದು. ಆದ್ರಿಂದ ವಾರಕ್ಕೆ ಒಬ್ಬರ ಮನೆಗಾದ್ರೂ ಹೋಗಿ. ಹುಟ್ಟುಹಬ್ಬಕ್ಕೆ ಫೇಸ್‌ಬುಕ್ ಗೋಡೆ ಮೇಲೆ ಎರಡು ಪದ ಹಾಕ್ತಿದ್ರಲ್ಲ, ಈಗ ಫೋನ್ ಮಾಡಿ ಮಾತಾಡಿ. ಯಾರ ಪೋಸ್ಟ್ ನೋಡಿ ಹೊಟ್ಟೆ ಉರೀತಿತ್ತೋ ಅವರ ಹೆಸರು ನೋಟ್‌ಬುಕ್‌ನಲ್ಲಿ ಬರ್ದು ದಿನಾ ಅವರಿಗೋಸ್ಕರ ಪ್ರಾರ್ಥನೆ ಮಾಡಿ, ಇದು ಮೊದಲ ಕೆಲವು ದಿನ ಬಾಯಿಂದ ಬರಲ್ಲ, ಆದ್ರೂ ಬಿಡ್ಬೇಡಿ.

ಹಂತ 7: ಜಾರಿದಾಗ, ಬೇಜಾರಾದಾಗ

ಮೊದಲ ವಾರ ಕೈ ಸುಮ್ಮನೆ ಫೋನ್ ತೆಗೆಯತ್ತೆ, ಆ್ಯಪ್ ಇದ್ದ ಜಾಗಕ್ಕೆ ಬೆರಳು ಹೋಗತ್ತೆ. ಏನೋ ಮಿಸ್ ಆಗ್ತಿದೆ ಅನ್ಸತ್ತೆ. ಇದು ಸಹಜ. ಒಂದು ದಿನ ಜಾರಿ ನೋಡಿಬಿಟ್ರೆ "ಹೇಗೂ ಮುರೀತಲ್ಲ" ಅಂತ ಉಳಿದ ದಿನಗಳನ್ನ ಬಿಟ್ಬಿಡ್ಬೇಡಿ, ಆ ಯೋಚನೆ ಜಾರಿದ್ದಕ್ಕಿಂತ ಜಾಸ್ತಿ ನಷ್ಟ ಮಾಡತ್ತೆ. ದೇವರ ಹತ್ರ ಹೇಳಿ, ಆ ವ್ಯಕ್ತಿಗೆ ಹೇಳಿ, ಅದೇ ಗಂಟೆಯಿಂದ ಮುಂದುವರಿಸಿ. ದಿನ ಸೇರ್ಸಿ ದಂಡ ಕಟ್ಟೋದೆಲ್ಲಾ ಬೇಡ, ಕೃಪೆ ಹಾಗೆ ಕೆಲಸ ಮಾಡಲ್ಲ.

ಆದ್ರೆ ಒಂದು ವಿಷ್ಯ. ಫೀಡ್ ಇಲ್ಲದಾಗ ಅದು ಮುಚ್ಚಿಟ್ಟಿದ್ದ ದುಃಖ, ಒಂಟಿತನ, ಹಳೇ ಗಾಯ ಮೇಲೆ ಬರೋದುಂಟು. ನಿದ್ದೆ ಊಟ ಬಿಟ್ಟುಹೋಗೋ ಅಷ್ಟು ಬೇಜಾರಾದ್ರೆ, ಬದುಕೋದೇ ಬೇಡ ಅನ್ಸಿದ್ರೆ, ತಡ ಮಾಡ್ದೆ ಡಾಕ್ಟರ್ ಹತ್ರ ಹೋಗಿ, ಮನೆಯವರಿಗೂ ಪಾಸ್ಟರಿಗೂ ಹೇಳಿ. ಅದು ನಂಬಿಕೆ ಕಮ್ಮಿ ಆಗಿದೆ ಅನ್ನೋದರ ಗುರುತಲ್ಲ.

ಹಂತ 8: ಬೇರೆಯವರನ್ನ ಅಳೀಬೇಡಿ

ಎರಡು ವಾರ ಚೆನ್ನಾಗಿ ನಡೆದ ಮೇಲೆ ಬರೋ ಅಪಾಯ ಇದು. ಲೂಕ 18ರಲ್ಲಿ ವಾರಕ್ಕೆರಡು ಸಲ ಉಪವಾಸ ಮಾಡ್ತೀನಿ ಅಂತ ದೇವರ ಮುಂದೆ ನಿಂತು ಹೇಳಿದ ಫರಿಸಾಯ (ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದಿ) ಸುಳ್ಳೇನೂ ಹೇಳ್ಲಿಲ್ಲ, ನಿಜವಾಗ್ಲೂ ಮಾಡ್ತಿದ್ದ, ಆದ್ರೆ ದೂರದಲ್ಲಿ ನಿಂತಿದ್ದ ಸುಂಕದವನನ್ನ ನೋಡಿ, ನಾನು ಇವನ ಹಾಗಲ್ಲ ಅಂತ ಹೇಳಿದ. ಮನೆಯಲ್ಲಿ ಮಗ ರೀಲ್ಸ್ ನೋಡ್ತಿದ್ರೆ ವಚನ ಎಸೀಬೇಡಿ. ರೋಮಾಪುರ 14 ಇದಕ್ಕೇ ಇರೋದು, ತಿನ್ನೋನು ತಿನ್ನದವನನ್ನ ಹೀನಾಯ ಮಾಡ್ಬಾರ್ದು, ತಿನ್ನದವನು ತಿನ್ನೋನಿಗೆ ತೀರ್ಪು ಮಾಡ್ಬಾರ್ದು.

ಹಂತ 9: ಮುಗಿದ ಮೇಲೆ

ಕೊನೆಯ ದಿನ ರಾತ್ರಿ 12 ಗಂಟೆಗೆ ಲಾಗಿನ್ ಆಗ್ಬೇಡಿ. ಮೊದ್ಲು ನೋಟ್‌ಬುಕ್ ತೆಗೆದು ಹಂತ 1ರ ಆ ಒಂದು ವಾಕ್ಯ ಓದಿ, ಅದ್ರಲ್ಲಿ ಏನಾದ್ರೂ ಬದಲಾಗಿದೆಯಾ ನೋಡಿ, ಆ ನಂಬಿಕೆಯ ವ್ಯಕ್ತಿ ಜೊತೆ ಕೂತು ಮಾತಾಡಿ. ಆಮೇಲೆ ನಿಮ್ಮ ಮುಂದೆ ದಾರಿಗಳಿರತ್ತೆ.

ವಾಪಸ್ ಹೋಗೋದಾದ್ರೆ ಮೊದಲನೇ ದಿನ ಬರೀ ಅನ್‌ಫಾಲೋ ಮಾಡೋ ಕೆಲಸ ಮಾಡಿ, ಫಿಲಿಪ್ಪಿ 4:8 ಪಕ್ಕದಲ್ಲಿ ಇಟ್ಕೊಂಡು, ಸತ್ಯವಾದದ್ದು, ಶುದ್ಧವಾದದ್ದು, ಪ್ರೀತಿಕರವಾದದ್ದು ಇದೆಯಾ ಅಂತ ಒಂದೊಂದೇ ನೋಡಿ. ನೋಟಿಫಿಕೇಶನ್ ಆಫ್ ಇರ್ಲಿ. ಭಾನುವಾರ ಮುಟ್ಟಲ್ಲ ಅಂತ ಇಟ್ಕೊಂಡ್ರೆ ಈ ಉಪವಾಸದ ಒಂದು ತುಂಡು ವರ್ಷಪೂರ್ತಿ ಉಳಿಯತ್ತೆ. ಕೆಲಸಕ್ಕೆ ಬೇಕೇ ಬೇಕು ಅನ್ನೋರು ಫೋನ್‌ಗೆ ಆ್ಯಪ್ ಹಾಕದೇ ಕಂಪ್ಯೂಟರ್‌ನಲ್ಲಿ ಮಾತ್ರ ನೋಡಿ, ಕೆಲಸದ ಅಕೌಂಟ್ ಬೇರೆ ಮಾಡಿ.

ಪೂರ್ತಿ ಬಿಡ್ಬೇಕು ಅನ್ಸಿದ್ರೆ, ಮುಖ್ಯವಾಗಿ ಅಶುದ್ಧ ದೃಶ್ಯಗಳ ಚಟಕ್ಕೆ ಅದೇ ಬಾಗಿಲು ಆಗಿದ್ರೆ, ಹಿಂದೆ ಮುಂದೆ ನೋಡದೇ ಬಿಡಿ. ಬಲಗಣ್ಣು ಪಾಪಕ್ಕೆ ಕಾರಣ ಆದ್ರೆ ಕಿತ್ತು ಬಿಸಾಕು ಅಂತ ಮತ್ತಾಯ 5:29ರಲ್ಲಿ ಹೇಳಿದ ಯೇಸು ನಿಜವಾದ ಕಣ್ಣು ಕೇಳ್ತಿಲ್ಲ, ಆದ್ರೆ ಒಂದು ಅಕೌಂಟನ್ನ ಖಂಡಿತ ಕೇಳ್ಬಹುದು. ಆಗ ಡಿಲೀಟ್ ಒತ್ತಿ. ಹಂತ 5ರಲ್ಲಿ ಇಳಿಸ್ಕೊಂಡ ಫೋಟೋ ತೆರೆಯತ್ತಾ ಅಂತ ಮೊದ್ಲು ನೋಡ್ಕೊಳ್ಳಿ, ನೀವೊಬ್ಬರೇ ಅಡ್ಮಿನ್ ಆಗಿರೋ ಪೇಜ್ ಇದ್ರೆ ಇನ್ನೊಬ್ಬರನ್ನ ಸೇರ್ಸಿ, ಇಲ್ಲಾಂದ್ರೆ ಅದೂ ಹೋಗತ್ತೆ. ಆಮೇಲೆ 30 ದಿನ ಆ ಕಡೆ ಲಾಗಿನ್ ಆಗ್ಬೇಡಿ, ಎಲ್ಲಾ ಡೇಟಾ ಅಳಿಸೋಕೆ ಫೇಸ್‌ಬುಕ್‌ಗೆ 90 ದಿನದವರೆಗೂ ಹಿಡಿಯತ್ತೆ, ಅದು ಅವರ ಕೆಲಸ, ನೀವು ಚೆಕ್ ಮಾಡೋಕೆ ಹೋಗ್ಬೇಡಿ.